ನೀರುಕಾಗೆಗಳ ಹೊಸ ರಾಜ್ಯ

ಲೋಕ ಇನ್ನೂ ಹಸಿಯಾಗಿದ್ದ ಕಾಲ. ಬೆಟ್ಟಗಳು ಕೂತ ಜಾಗದಲ್ಲೇ ಕೂರುವುದೋ ಬೇಡವೋ ಎಂದು ಯೋಚಿಸುತ್ತಿದ್ದವು. ಹೊಳೆಗಳಿಗೆ ದಾರಿ ಬಾಯಿಪಾಠವಾಗಿರಲಿಲ್ಲ. ಮಾತು ಮಾತ್ರ ಎಲ್ಲರಿಗೂ ಬರುತ್ತಿತ್ತು, ಹಕ್ಕಿಗೆ, ಏಡಿಗೆ, ಗಾಳಿಗೆ, ನೀರಿಗೆ. ಕೇಳಿಸಿಕೊಳ್ಳುವುದು ಆಗಲೂ ಕೆಲವರಿಗಷ್ಟೇ ಬರುತ್ತಿತ್ತು.

ಆಗ ನೀರುಕಾಗೆಯ ಮೈಗೆ ನೀರು ಅಂಟುತ್ತಿರಲಿಲ್ಲ. ಬಾಲದ ಬುಡದಲ್ಲಿ ಎಣ್ಣೆಯ ಗಂಟೊಂದಿತ್ತು. ಕೊಕ್ಕಿನಿಂದ ಅದನ್ನು ಒತ್ತಿ ಗರಿಗೆಲ್ಲ ಸವರಿಕೊಂಡರೆ ಮುಗಿಯಿತು. ಬಾತುಕೋಳಿಯ ಹಾಗೆ ಮುಳುಗುತ್ತಿತ್ತು, ಏಳುತ್ತಿತ್ತು, ಒಮ್ಮೆ ಮೈ ಕೊಡವಿದರೆ ಒಣಗಿಬಿಡುತ್ತಿತ್ತು. ರೆಕ್ಕೆ ಹರಡಿಕೊಂಡು ನಿಲ್ಲುವ ಚಟ ಯಾರಿಗೂ ಇರಲಿಲ್ಲ.

ಹೊಳೆ ಕಡಲನ್ನು ಸೇರುವಲ್ಲಿ, ಈಚೆ ದಡದ ಮರಗಳ ಮೇಲೆ ನೀರುಕಾಗೆಗಳ ದೇಶ. ಅದರ ದೊರೆಯ ಹೆಸರು ನೀಳ್ಗೊರಳ. ಆಚೆ ದಡದಲ್ಲಿ ಬೆಳ್ಳಕ್ಕಿಗಳ ದೇಶ. ಅಲ್ಲಿನ ಯಜಮಾನ ಧವಳಪ್ಪ. ಎರಡು ದೇಶಕ್ಕೂ ತಿಂದು ಮಿಗುವಷ್ಟು ಮೀನಿತ್ತು. ಹಾಗಾಗಿ ಜಗಳಕ್ಕೆ ಬೇರೆ ಕಾರಣ ಬೇಕಾಗಿತ್ತು.

ಕಾರಣವನ್ನು ಹೊಳೆ ತಂದುಕೊಟ್ಟಿತು. ಮಳೆಗಾಲ ಮುಗಿಯುವ ಹೊತ್ತಿಗೆ ನಡುನೀರಿನಲ್ಲಿ ಒಂದು ದ್ವೀಪ ಎದ್ದಿತ್ತು. ದ್ವೀಪ ಅನ್ನುವುದು ದೊಡ್ಡ ಮಾತು. ಬೆಟ್ಟದಿಂದ ಹೊತ್ತು ತಂದ ಮಣ್ಣನ್ನು ಹೊಳೆ ಸುಸ್ತಾಗಿ ಕೆಳಗಿಳಿಸಿದ ಜಾಗ, ಅಷ್ಟೇ. ಅಲ್ಲಿ ಮೊದಲು ಬಂದು ಬಿಲ ತೋಡಿಕೊಂಡವು ಏಡಿಗಳು. ಅವುಗಳನ್ನು ಯಾರೂ ಏನೂ ಕೇಳಲಿಲ್ಲ.

ಮಣ್ಣು ಕಪ್ಪಗಿದೆ, ನಾವೂ ಕಪ್ಪಗಿದ್ದೇವೆ, ಆದ್ದರಿಂದ ದ್ವೀಪ ನಮ್ಮದು ಎಂದ ನೀಳ್ಗೊರಳ. ಅಂಚಿನ ನೊರೆ ಬೆಳ್ಳಗಿದೆ, ಆದ್ದರಿಂದ ನಮ್ಮದು ಎಂದ ಧವಳಪ್ಪ. ಇಬ್ಬರಿಗೂ ತಂತಮ್ಮ ವಾದ ಬಹಳ ಹಿಡಿಸಿತು. ನೀಳ್ಗೊರಳ ಒಂದು ಹೆಜ್ಜೆ ಮುಂದೆ ಹೋಗಿ ಅದನ್ನು ತನ್ನ ದೇಶದ ಹೊಸ ರಾಜ್ಯವೆಂದು ಸಾರಿ, ನೀಳಪುರ ಎಂದು ಹೆಸರಿಟ್ಟು, ಒಬ್ಬ ಅಧಿಕಾರಿಯನ್ನೂ ನೇಮಿಸಿದ. ಅಧಿಕಾರಿಯ ಮೈಗೆ ತೇವ ಒಗ್ಗುತ್ತಿರಲಿಲ್ಲ. ಆತ ದಡದಿಂದಲೇ ಆಳತೊಡಗಿದ.

ಜಗಳ ಸೂರ್ಯನವರೆಗೆ ಹೋಯಿತು. ನಾನು ಹುಟ್ಟಿ ಮುಳುಗುವ ತನಕ ಯಾರ ಹರಡಿದ ರೆಕ್ಕೆಯ ನೆರಳು ಆ ನೆಲದ ಮೇಲೆ ಬಿಡದೆ ಬೀಳುತ್ತದೋ ಅವರದೇ ನೆಲ ಎಂದ ಸೂರ್ಯ. ಮೇಲಿನಿಂದ ನೋಡುವವರಿಗೆ ಎಲ್ಲವೂ ಸುಲಭ. ಧವಳಪ್ಪ ಒಂದು ತಕರಾರು ತೆಗೆದ. ದಾರಿಹೋಕರ ನೆರಳು ಲೆಕ್ಕಕ್ಕಿಲ್ಲ, ಅಲ್ಲೇ ಗೂಡು ಕಟ್ಟಿದವರದ್ದೇ ಆಗಬೇಕು ಎಂದ. ಆಗಲಿ, ಸಂಸಾರ ಇದ್ದಲ್ಲಿ ಸರ್ಕಾರ ಎಂದು ನೀಳ್ಗೊರಳ ಒಪ್ಪಿದ. ಸಂಸಾರ ಅವನದಾಗಿರಲಿಲ್ಲ.

ಸಂಸಾರ ಬೀರಿಯದು. ಬೀರಿ ಆ ದೇಶದ ಸಾಧಾರಣ ನೀರುಕಾಗೆ. ಹೋದ ವರ್ಷ ಅವಳ ಮೊಟ್ಟೆಗಳನ್ನು ಹದ್ದು ಒಯ್ದಿತ್ತು. ಈ ಸಲ ಎತ್ತರದ ಕವಲಿನಲ್ಲಿ, ಎಲೆಮರೆಯಲ್ಲಿ ಗೂಡು ಕಟ್ಟಬೇಕು, ಒಂದಾದರೂ ಮರಿ ಕಣ್ಣು ಬಿಡುವುದನ್ನು ನೋಡಬೇಕು ಎಂದು ಕಡ್ಡಿ ಆಯುತ್ತಿದ್ದಳು. ಹೇಗೂ ಗೂಡು ಕಟ್ಟುತ್ತೀಯಲ್ಲ, ಅದನ್ನೇ ನೀಳಪುರದಲ್ಲಿ ಕಟ್ಟು ಎಂದು ಅಪ್ಪಣೆಯಾಯಿತು. ದೇಶವೆಲ್ಲ ಅವಳನ್ನು ಹೊಗಳಿತು. ಗಂಡನಿಗೆ ದಡದಲ್ಲೇ ಜೈಕಾರ ಹಾಕುವ ಕೆಲಸ ಸಿಕ್ಕಿತು.

ಬೀರಿ ಕೆಸರಿನ ಮೇಲೆ ಕಡ್ಡಿ ಹೆಣೆದಳು. ಮೂರು ಮೊಟ್ಟೆ ಇಟ್ಟಳು. ಪಕ್ಕದ ಬಿಲದಿಂದ ಮುದಿ ಏಡಜ್ಜಿ ಕಣ್ಣು ಮೇಲೆತ್ತಿ ನೋಡಿದಳು.

"ಮಗಾ, ಅಮಾವಾಸ್ಯೆಯ ದಿನ ನಡುಹಗಲಿಗೆ ಇಲ್ಲಿ ನೆಲ ಇರುವುದಿಲ್ಲ. ನಮಗೆ ಬಿಲದೊಳಗೆ ನಡೆಯುತ್ತದೆ. ನಿನ್ನ ಮೊಟ್ಟೆಗೆ?"

ಬೀರಿ ಗಾಳಿಯ ಕೈಲಿ ದೊರೆಗೆ ಹೇಳಿಕಳಿಸಿದಳು. ಗಾಳಿ ಹೋಗಿ ಬಂದಿತು. ನೀಳಪುರ ರಾಜ್ಯವೆಂದು ಸಾರಿ ಆಗಿದೆ, ಸಾರಿದ ಮೇಲೆ ಮುಳುಗುವಂತಿಲ್ಲ ಎಂಬುದು ದೊರೆಯ ಉತ್ತರ. ನೆರಳಿನ ಪರೀಕ್ಷೆಗೆ ದಿನವನ್ನೂ ಗೊತ್ತು ಮಾಡಿದ್ದರು. ಅದು ಅಮಾವಾಸ್ಯೆಯೇ ಆಗಿತ್ತು. ಹೊಳೆಯನ್ನೋ ಕಡಲನ್ನೋ ಒಂದು ಮಾತು ಕೇಳಬಹುದಿತ್ತು. ಆದರೆ ಅವು ಪ್ರಜೆಗಳಲ್ಲವಲ್ಲ.

ಅಮಾವಾಸ್ಯೆಯ ಬೆಳಗು ಸೂರ್ಯ ಹುಟ್ಟಿದ. ಬೀರಿ ಗೂಡಿನ ಮುಂದೆ ನಿಂತು ಎರಡೂ ರೆಕ್ಕೆ ಹರಡಿದಳು. ನೆರಳು ಉದ್ದಕ್ಕೆ ಕೆಸರಿನ ಮೇಲೆ ಬಿತ್ತು. ದಡದಲ್ಲಿ ಜೈಕಾರ ಎದ್ದಿತು. ಅವಳು ರೆಕ್ಕೆ ಮಡಿಸುತ್ತಾಳೋ ಇಲ್ಲವೋ ನೋಡಲು ಧವಳಪ್ಪ ಬಂದು ಅಂಚಿನಲ್ಲಿ ಒಂಟಿಕಾಲಿನಲ್ಲಿ ನಿಂತ.

ಬಿಸಿಲು ಏರಿತು. ಬೀರಿಯ ಹೆಗಲು ಸೋತಿತು. ಗಾಳಿ ಬಂದು ದೊರೆಯ ಮಾತು ಒಪ್ಪಿಸಿತು: ರೆಕ್ಕೆ ಮಡಿಸಬೇಡ.

ಕಡಲು ಉಬ್ಬಿತು. ನೊರೆ ಧವಳಪ್ಪನ ಕಾಲಿಗೆ ತಾಗಿತು. ಅವನು ಎರಡನೆಯ ಕಾಲನ್ನೂ ಇಳಿಸಿದ. ಗಾಳಿ ಮತ್ತೆ ಬಂದಿತು: ರೆಕ್ಕೆ ಮಡಿಸಬೇಡ.

ನೀರು ಗೂಡಿನ ಕೆಳಗಿನ ಕಡ್ಡಿಗೆ ಬಂತು. ಬೀರಿ ಕತ್ತು ತಿರುಗಿಸಿ ನೋಡಿದಳು. ಮೊಟ್ಟೆಗಳು ಇನ್ನೂ ಒಣಗಿದ್ದವು. ಒಂದು ಮೊಟ್ಟೆಯೊಳಗೆ ಯಾರೋ ಟಿಕ್ ಎಂದು ತಟ್ಟಿದರು.

"ಏನಮ್ಮಾ, ನಿಮ್ಮ ರಾಜ್ಯದ ಬುಡ ಒದ್ದೆಯಾಗುತ್ತಿದೆಯಲ್ಲ," ಎಂದ ಧವಳಪ್ಪ. "ಸುಸ್ತಾಗಿದ್ದರೆ ರೆಕ್ಕೆ ಮಡಿಸು. ದ್ವೀಪ ನಮಗೆ ಬರುತ್ತದೆ. ನಿನಗೇನು ನಷ್ಟ?"

ನಷ್ಟ ಏನೆಂದು ಅವಳಿಗೆ ಗೊತ್ತಿತ್ತು. ರೆಕ್ಕೆ ಮಡಿಸಿದರೆ ದೇಶದ್ರೋಹಿ, ನಾಳೆ ಯಾವ ಮರವೂ ಅವಳಿಗೆ ಕೊಂಬೆ ಕೊಡುವುದಿಲ್ಲ. ಮಡಿಸದಿದ್ದರೆ ಮೂರು ಮೊಟ್ಟೆಯೂ ನೀರುಪಾಲು. ಕಚ್ಚಿಕೊಂಡು ಹಾರೋಣವೆಂದರೆ ಕೊಕ್ಕಿನ ತುದಿಯ ಕೊಕ್ಕೆ ಮೊಟ್ಟೆಯನ್ನು ಒಡೆದೀತು. ಅವಳು ಗಾಳಿಯನ್ನು ಕರೆದು, ಸಹಾಯಕ್ಕೆ ಯಾರನ್ನಾದರೂ ಕಳಿಸಿ ಎಂದು ದಡಕ್ಕೆ ಹೇಳಿಕಳಿಸಿದಳು. ಗಾಳಿ ಹೋಯಿತು. ಜೈಕಾರ ಇನ್ನಷ್ಟು ಜೋರಾಯಿತು.

ಗಾಳಿ ತಲೆ ತಗ್ಗಿಸಿಕೊಂಡು ಬಂದಿತು. "ಅದೇ ಮಾತು, ಬೀರಿ. ನನಗೂ ಹೇಳಿ ಹೇಳಿ ಬೇಸರವಾಗಿದೆ."

ಮೊಟ್ಟೆಯೊಳಗೆ ಮತ್ತೆ ಟಿಕ್ ಎಂದಿತು.

ಬೀರಿ ರೆಕ್ಕೆ ಮಡಿಸಿದಳು.

ದಡದಲ್ಲಿ ಜೈಕಾರ ನಿಂತಿತು. ಅವಳು ಅತ್ತ ನೋಡಲಿಲ್ಲ. ಬಾಲದ ಬುಡಕ್ಕೆ ಕೊಕ್ಕು ಹಾಕಿ ಎಣ್ಣೆಯ ಗಂಟನ್ನು ಒತ್ತಿ ಗೂಡಿನ ಕಡ್ಡಿಗಳಿಗೆ ಸವರತೊಡಗಿದಳು. ಒಂದು ಸುತ್ತು, ಇನ್ನೊಂದು ಸುತ್ತು. ಏಡಜ್ಜಿ ಬಿಲದಿಂದ ಹೊರಬಂದು, ಏನನ್ನೂ ಕೇಳದೆ, ಇಕ್ಕಳಗಾಲಿನಲ್ಲಿ ಜೇಡಿಮಣ್ಣು ತಂದು ಕಡ್ಡಿಗಳ ಸಂದಿಗೆ ಮೆತ್ತಿದಳು. ಜೇಡಿಯ ಮೇಲೆ ಬೀರಿ ಮತ್ತೆ ಎಣ್ಣೆ ಸವರಿದಳು. ಲೋಕದಲ್ಲಿ ಆಗ ದೋಣಿ ಎಂಬುದೇ ಇರಲಿಲ್ಲ. ಇಬ್ಬರಿಗೂ ತಾವು ಮಾಡುತ್ತಿರುವುದು ಏನೆಂದು ಸರಿಯಾಗಿ ಗೊತ್ತಿರಲಿಲ್ಲ. ಗಂಟು ಬತ್ತಿ ನೋವಾಗುವವರೆಗೂ ಬೀರಿ ಒತ್ತಿದಳು. ತನ್ನ ಗರಿಗೆಂದು ಒಂದು ಹನಿಯನ್ನೂ ಉಳಿಸಿಕೊಳ್ಳಲಿಲ್ಲ.

ಧವಳಪ್ಪನಿಗೆ ನೀರು ಮೊಣಕಾಲು ದಾಟಿತ್ತು.

"ಗೆದ್ದಿರಿ ಸ್ವಾಮಿ. ದ್ವೀಪ ನಿಮ್ಮದೇ. ಬಂದು ನಿಂತುಕೊಳ್ಳಿ," ಎಂದಳು ಬೀರಿ.

ಅವನು ಸುತ್ತ ನೋಡಿದ. ನಿಲ್ಲಲು ಜಾಗವಿರಲಿಲ್ಲ. ವಿಷಯವನ್ನು ಹಿರಿಯರೊಂದಿಗೆ ಚರ್ಚಿಸಬೇಕು ಎಂದು ಗೊಣಗಿ ಹಾರಿಹೋದ. ಏಡಜ್ಜಿ ಬಿಲಕ್ಕೆ ಇಳಿದು ಬಾಗಿಲು ಮುಚ್ಚಿಕೊಂಡಳು.

ನೀರು ಗೂಡನ್ನು ಎತ್ತಿತು. ಗೂಡು ವಾಲಿತು. ಮೊಟ್ಟೆಗಳು ಒಂದು ಬದಿಗೆ ಉರುಳಿದವು. ಬೀರಿ ಎದೆಯಿಂದ ತಡೆದಳು. ಗೂಡು ನೆಟ್ಟಗಾಯಿತು, ತೇಲಿತು.

ಅವಳು ಹಿಂದಿನಿಂದ ಅದನ್ನು ತಳ್ಳುತ್ತ ಈಜಿದಳು. ಎಣ್ಣೆಯಿಲ್ಲದ ಗರಿ ನೀರು ಕುಡಿಯಿತು, ಮೈ ಭಾರವಾಯಿತು, ಬೆನ್ನು ಮುಳುಗಿತು. ನೀರಿನ ಮೇಲೆ ಕತ್ತು ಮಾತ್ರ ಉಳಿಯಿತು. ತಳ್ಳು, ಮುಳುಗು, ಏಳು. ತಳ್ಳು, ಮುಳುಗು, ಏಳು. ಒಮ್ಮೆ ಮುಳುಗಿದವಳು ಏಳಲು ತಡವಾಯಿತು. ಹೊಳೆ ಗಾಬರಿಯಾಗಿ ಕಡಲಿಗೆ ಕೂಗಿ ಹೇಳಿತು, ಕಡಲು ಅಲೆಯೊಂದನ್ನು ಕಳಿಸಿತು. ಅಲೆ ಹಕ್ಕಿಯನ್ನೂ ಗೂಡನ್ನೂ ಒಟ್ಟಿಗೆ ತಂದು ದಡದಲ್ಲಿ ಉಪ್ಪುನೀರಿಗೆ ಬೇರು ಚಾಚಿ ನಿಂತ ಕಾಂಡ್ಲಾ ಗಿಡದ ಬೇರುಗಳ ನಡುವೆ ಸಿಕ್ಕಿಸಿತು.

ಮೊದಲ ಮೊಟ್ಟೆ ಅಲ್ಲೇ ಒಡೆಯಿತು. ಗರಿಯಿಲ್ಲದ, ಕುರೂಪಿಯಾದ, ಬಾಯಿ ಮಾತ್ರ ಇದ್ದ ಒಂದು ಮರಿ ಕಣ್ಣು ಬಿಟ್ಟು ಮೀನು ಕೇಳಿತು. ಬೀರಿಗೆ ಅಷ್ಟು ಚಂದದ್ದನ್ನು ನೋಡಿ ಗೊತ್ತಿರಲಿಲ್ಲ. ಮಿಕ್ಕ ಎರಡೂ ಸಂಜೆಯೊಳಗೆ ಹೊರಬಂದವು.

ಅವಳು ಪಕ್ಕದ ಬಂಡೆ ಹತ್ತಿದಳು. ಮೈಯಿಂದ ನೀರು ಸುರಿಯುತ್ತಿತ್ತು, ಕೊಡವಿದರೂ ಹೋಗಲೊಲ್ಲದು. ಬೇರೆ ದಾರಿ ಕಾಣದೆ ಬಿಸಿಲಿಗೆ ಎರಡೂ ರೆಕ್ಕೆ ಹರಡಿ ನಿಂತಳು.

ಅವಳನ್ನು ದೇಶದಿಂದ ಹೊರಹಾಕಲೆಂದು ಹೊರಟಿದ್ದ ನೀಳ್ಗೊರಳ ಅದನ್ನು ಕಂಡು ನಿಂತ. ಸೋತೆವು ಎಂದು ಪ್ರಜೆಗಳಿಗೆ ಹೇಳುವುದು ಕಷ್ಟ. ಮುಳುಗಿತು ಎಂದು ಹೇಳುವುದು ಇನ್ನೂ ಕಷ್ಟ. ನೋಡಿ, ಬೀರಿಯ ರೆಕ್ಕೆ ಹರಡಿಯೇ ಇದೆ, ನೀಳಪುರ ನಮ್ಮದೇ, ಸದ್ಯಕ್ಕೆ ನೀರಿನ ಕೆಳಗಿದೆ ಅಷ್ಟೇ ಎಂದು ಸಾರಿದ. ಇನ್ನು ಮೇಲೆ ಎಲ್ಲ ನೀರುಕಾಗೆಗಳೂ ದಿನವೂ ಅತ್ತ ರೆಕ್ಕೆ ಹರಡಿ ನಿಲ್ಲತಕ್ಕದ್ದು ಎಂದೂ ಅಪ್ಪಣೆಯಾಯಿತು.

ಅವು ನಿಂತವು. ದಿನವಿಡೀ ನಿಂತವರಿಗೆ ಎಣ್ಣೆ ಸವರಿಕೊಳ್ಳಲು ಪುರುಸೊತ್ತು ಎಲ್ಲಿ? ಬಿಸಿಲಿಗೆ ಅವುಗಳ ಗಂಟೂ ಬತ್ತಿತು. ಹೊಳೆ ಮುಂದಿನ ಮಳೆಗಾಲ ಮಣ್ಣನ್ನು ಬೇರೆ ಕಡೆ ಇಳಿಸಿತು. ಏಡಿಗಳು ಅಲ್ಲಿಗೆ ಹೋದವು. ಬೀರಿ ತನ್ನ ಮಕ್ಕಳಿಗೆ ಮೀನು ಹಿಡಿಯುವುದನ್ನೂ ಮೈ ಒಣಗಿಸಿಕೊಳ್ಳುವುದನ್ನೂ ಕಲಿಸಿದಳು, ಬೇರೇನನ್ನೂ ಕಲಿಸಲಿಲ್ಲ.

ಅದಕ್ಕೇ ಇವತ್ತಿಗೂ ನೀರುಕಾಗೆ ಕತ್ತಷ್ಟೇ ಮೇಲೆ ಕಾಣುವಂತೆ ಈಜುತ್ತದೆ, ಆಮೇಲೆ ಬಂಡೆಯೇರಿ ರೆಕ್ಕೆ ಹರಡಿ ನಿಲ್ಲುತ್ತದೆ. ಅದು ರಾಜ್ಯ ಕಾಯುತ್ತಿದೆಯೋ ಮೈ ಒಣಗಿಸಿಕೊಳ್ಳುತ್ತಿದೆಯೋ ದೂರದಿಂದ ಹೇಳಲಾಗುವುದಿಲ್ಲ, ಆದರೆ ನೀನು ಸ್ವಲ್ಪ ಹೊತ್ತು ಸುಮ್ಮನೆ ನೋಡುತ್ತಿದ್ದರೆ, ಹಸಿವಾದ ಕೂಡಲೇ ಅದು ರೆಕ್ಕೆ ಮಡಿಸುವುದು ಕಾಣುತ್ತದೆ.