ಸಾಹೇಬರೇ ಬರೆದುಕೊಟ್ಟ ಸಾಕ್ಷಿ

ಗಡಿಯಲ್ಲಿ ಬಾಂಬು ಸಿಡಿದು ಹವಾಲ್ದಾರ್ ಬಾಳಪ್ಪನ ಎರಡೂ ಕೈ ಹೋಗಿದ್ದವು. ಅವನಿಗೆ ಉಣಿಸಿ, ಮೈತೊಳೆಸಿ ಹೆಂಡತಿ ನೀಲವ್ವನ ಸೊಂಟ ಬಿದ್ದುಹೋಗಿತ್ತು. ಗಂಡನನ್ನು ಮಾಜಿ ಸೈನಿಕರ ಆರೈಕೆ ಮನೆಗೆ ಸೇರಿಸಲು ಅವನನ್ನು ಕರಕೊಂಡು ಮೂರನೇ ಸಲ ಕಚೇರಿಗೆ ಬಂದಳು.

"ಡಾಕ್ಟರ ಚೀಟಿ ಹಳೇದು. ಕೈಯಿಲ್ಲ ಅಂತ ಅಧಿಕಾರಿಯ ಸಹಿ, ಸೀಲು ಇರೋ ಕಾಗದ ತಾ. ಅರ್ಜಿಗೆ ಇವನ ಹೆಬ್ಬೆಟ್ಟೂ ಇಲ್ಲ!" ಎಂದರು ಸಾಹೇಬರು.

"ಹಂಗಾರ ಹೆಬ್ಬೆಟ್ಟು ಯಾಕಿಲ್ಲಂತ ಬರದು ವಾಪಸ್ ಕೊಡ್ರಿ" ಎಂದಳು ನೀಲವ್ವ.

'ಅರ್ಜಿದಾರನಿಗೆ ಎರಡೂ ಕೈಗಳಿಲ್ಲದ ಕಾರಣ ಹೆಬ್ಬೆಟ್ಟು ಒತ್ತಿಲ್ಲ. ತಿರಸ್ಕೃತ' ಎಂದು ಸಾಹೇಬರು ಅರ್ಜಿಯ ಮೇಲೆ ಬರೆದು, ಸಹಿ ಮಾಡಿ, ಸೀಲು ಗುದ್ದಿದರು.

ನೀಲವ್ವ ಶಾಯಿ ಆರುವಂತೆ ಊದಿದಳು. ಆ ಕಾಗದವನ್ನೇ ಜೊತೆಗೆ ತಂದಿದ್ದ ಹೊಸ ಅರ್ಜಿಗೆ ಗುಂಡುಸೂಜಿಯಿಂದ ಚುಚ್ಚಿ ಮೇಜಿನ ಮೇಲಿಟ್ಟಳು.

"ತಗೋರಿ, ನೀವು ಕೇಳಿದ ಕಾಗದ."

ಸಾಹೇಬರು ತಮ್ಮ ಸಹಿಯನ್ನೇ ಎರಡು ಸಲ ನೋಡಿದರು.

ಬಾಳಪ್ಪ ಬಗ್ಗಿ ನೋಡಿ ಮೆಲ್ಲಗೆ ಕೇಳಿದ: "ಸೀಲು ಸ್ವಲ್ಪ ಸೊಟ್ಟ ಬಿದ್ದೈತ್ರಿ. ನಡೀತೈತೇನ್ರಿ?"