ಬೀಸುಕಲ್ಲಿನ ಹಾಡು ಕೇಳಿದ ಎರಡು ರಿಸೀವರ್‌ಗಳು

ಹುಬ್ಬಳ್ಳಿಯ ಅಂಗಡಿಯೊಂದರಲ್ಲಿ ಸ್ಪೀಕರ್‌ಗಳಿಗೆ ದನಿ ಹಂಚುವ ಎರಡು ಹೋಮ್ ಥಿಯೇಟರ್ ರಿಸೀವರ್‌ಗಳಿದ್ದವು, ಒಂದು ದೊಡ್ಡದು, ಒಂದು ಸಣ್ಣದು. ಸಾವಂತ್ರವ್ವ ಎಂಬಾಕೆ ಹಳೆಯ ಕ್ಯಾಸೆಟ್ ಹಿಡಿದು ಬಂದಳು. "ಮಕ್ಕಳಿಗೆ ಸಿನಿಮಾ ಬೇಕ್ರಿ, ನನಗ ಇದು ಬೇಕು. ತೀರಿಹೋದ ನಮ್ಮವ್ವ ಬೀಸುವಾಗ ಹಾಡಿದ್ದು. ಎರಡಕ್ಕೂ ಆಗೂವಂಥದ್ದು ಕೊಡ್ರಿ" ಎಂದು ಅಂಗಡಿಯವನಿಗೆ ಹೇಳಿದಳು.

ಕ್ಯಾಸೆಟ್ ರಿಸೀವರ್‌ಗಳನ್ನು ಬೇಡಿಕೊಂಡಿತು: "ಅಣ್ಣಂದಿರೇ, ನನ್ನ ಟೇಪು ಸವೆದಿದೆ. ಆ ತಾಯಿಯ ದನಿ ಬೇರೆಲ್ಲೂ ಉಳಿದಿಲ್ಲ. ಇದ್ದದ್ದನ್ನು ಇದ್ದ ಹಾಗೆ ದಾಟಿಸಿ."

ಅಂಗಡಿಯವನು ಕ್ಯಾಸೆಟ್ಟನ್ನು ಪ್ಲೇಯರ್‌ಗೆ ಹಾಕಿ, ಮೊದಲು ದೊಡ್ಡದಕ್ಕೆ ತಂತಿ ಜೋಡಿಸಿದ. "ಪಾಪ, ಬಡ ಹಾಡು. ನಾನು ಉದ್ಧಾರ ಮಾಡುತ್ತೇನೆ" ಎಂದಿತು ದೊಡ್ಡದು. ಉದ್ಧಾರಕರ ಚಾಳಿಯೇ ಇದು, ಬಡವರ ದನಿಯ ಮೇಲೆ ತಮ್ಮ ದನಿ ಹೇರುತ್ತಾರೆ. ಅದು ಬೀಸುಕಲ್ಲಿನ ಸದ್ದನ್ನು ಸಿನಿಮಾದ ಗುಡುಗೆಂದು ತಿಳಿದು ಮೊಳಗಿಸಿತು, ಹಾಡನ್ನು ಸುತ್ತಲಿನ ಸ್ಪೀಕರ್‌ಗಳಿಗೆಲ್ಲ ಚೆಲ್ಲಿತು. ಗಾಜು ನಡುಗಿತು. ಅವ್ವನ ದನಿ ಕೇಳಲೇ ಇಲ್ಲ.

"ನಮ್ಮವ್ವ ಜ್ವಾಳ ಬೀಸ್ತಿದ್ಲ್ರಿ, ಯುದ್ಧಕ್ಕ ಹೋಗಿದ್ದಿಲ್ಲ" ಎಂದಳು ಸಾವಂತ್ರವ್ವ.

ಅಂಗಡಿಯವನು ತಂತಿ ಕಿತ್ತು ಸಣ್ಣದಕ್ಕೆ ಜೋಡಿಸಿದ. "ನಿನಗೆ ಗುಡುಗಲು ಬರುತ್ತದೆಯೇ?" ಎಂದು ದೊಡ್ಡದು ಕೆಣಕಿತು.

"ಸಿನಿಮಾ ಬಂದಾಗ ಗುಡುಗುತ್ತೇನೆ. ಈಗ ಹಾಡುವವಳು ಆಕೆ, ನಾನಲ್ಲ" ಎಂದು ಹೇಳಿ ಸಣ್ಣದು ತನ್ನ ಕಸರತ್ತುಗಳನ್ನೆಲ್ಲ ನಿಲ್ಲಿಸಿ ಮುಂದಿನ ಎರಡೇ ಸ್ಪೀಕರ್ ತೆರೆಯಿತು.

ಟೇಪಿನೊಳಗೆ ಕಲ್ಲು ಮೆಲ್ಲಗೆ ತಿರುಗಿತು. ಅವ್ವನ ಬಳೆಗಳು ಕಲ್ಲು ತಿರುಗಿಸುವ ಗೂಟಕ್ಕೆ ತಾಗಿದವು. ಅವ್ವ ಹಾಡು ನಿಲ್ಲಿಸಿ, ಉಸಿರು ಎಳೆದುಕೊಂಡು, "ಇಷ್ಟು ಹಿಟ್ಟು ಸಾಕೇನ, ಸಾವಂತ್ರಿ?" ಎಂದು ಕೇಳಿದಳು.

ಸಾವಂತ್ರವ್ವ ಸಣ್ಣದರ ಮೇಲೆ ಕೈಯಿಟ್ಟು, ಅಂಗಡಿಯಲ್ಲೇ ನಿಂತು, "ಸಾಕವ್ವ" ಎಂದಳು.