ರಾಣಿಯ ತಪ್ಪಲೆ

“ಕೇಳ್ರಪ್ಪೋ ಕೇಳ್ರಿ! ಕೆಂಗೋಟೆಯ ಬಂಕರಸರ ಅಪ್ಪಣೆ! ಮೂರು ಒಗಟು ಬಿಡಿಸಿದವರಿಗೆ ಕೇಳಿದ್ದು ಕೊಡುತ್ತಾರೆ. ತಪ್ಪಿದವರ ತಲೆ ಹೋಗುತ್ತದೆ. ಅಲ್ಲಿಯವರೆಗೆ ನಾಡಿನಲ್ಲಿ ಒಂದು ಮದುವೆಯೂ ನಡೆಯಕೂಡದು!”

ಎಂಥಾ ಅಪ್ಪಣೆ ನೋಡಿ! ರಾಣಿ ಜ್ವರದಲ್ಲಿ ತೀರಿಕೊಂಡ ಮೇಲೆ ಇಬ್ಬರು ಗಂಡುಮಕ್ಕಳೂ ಹೋದರಲ್ಲ, ಈ ಕೆಟ್ಟ ಲೋಕದಲ್ಲಿ ಮದುವೆ ಯಾಕೆ, ಮಕ್ಕಳು ಯಾಕೆ ಅಂತ ಅರಸನ ಹಟ. ಪಾತ್ರೆಗೆ ಕಲಾಯಿ ಹಾಕುವ ದಾವಲನ ತಂಗಿಯ ಮದುವೆಯೂ ನಿಂತಿತು. ಚಪ್ಪರ ಬಿಚ್ಚುವಾಗ ಆ ಹುಡುಗಿ ಅತ್ತದ್ದನ್ನು ನೋಡಲಾರದೆ ಅವನು ಮಸಿಗೈಯಲ್ಲೇ ಅರಮನೆಗೆ ನಡೆದ.

ಅಂದು ತೀರಿಕೊಂಡ ರಾಣಿಗೆ ತಿಂಗಳ ಎಡೆ. ಅರಸನಿಗೆ ಉಪವಾಸ. ಮಗಳು ಪದುಮಲೆ ಊಟದೆಲೆಯ ಮುಂದೆ ಕೂತಿದ್ದಳು, ಮುಖ ಬಿಳಿಚಿಕೊಂಡಿತ್ತು. ದಾವಲನ ಮುಂದೆ ಒಗಟು ಬಿಡಿಸಲು ಬಂದ ಇನ್ನಿಬ್ಬರು ನಿಂತಿದ್ದರು.

“ಹೂತು ಬಂದವರು ಅಳದೆ, ಏಳಲಿ ಎಂದು ಕಾಯುವುದು ಯಾವುದಕ್ಕೆ?” ಎಂದ ಅರಸ.

“ನಿಧಿಗೆ!” ಎಂದ ಸಾಹುಕಾರನ ಮಗ. ಭಟರು ಎಳೆದೊಯ್ದರು.

“ಬೀಜಕ್ಕೆ,” ಎಂದ ಪಂಡಿತ.

“ಸರಿ. ಸಂಜೆಯೊಳಗೆ ನೂರು ಕಾಲು ತುಳಿದು ಅಳಿಸುತ್ತವೆಂದು ಗೊತ್ತಿದ್ದೂ ದಿನಾ ಬರೆಯುವುದು ಏನನ್ನು?”

ಪಂಡಿತ ಗಡ್ಡ ನೀವಿಕೊಂಡು “ಹಣೆಬರಹ” ಎಂದ. ಅವನನ್ನೂ ಎಳೆದೊಯ್ದರು.

“ರಂಗೋಲಿ ಒಡೆಯಾ,” ಎಂದ ದಾವಲ. “ನಮ್ಮ ಓಣಿಯಲ್ಲಿ ದಿನಾ ನೋಡ್ತೀನಲ್ಲ.”

“ಅದೂ ಸರಿ,” ಎಂದ ಅರಸ. “ಇಂಥದೇ ಎಡೆಯ ದಿನ ಉಂಡು ಮಲಗಿದ ನನ್ನ ಇಬ್ಬರು ಗಂಡುಮಕ್ಕಳು ಬೆಳಗಾಗುವುದರೊಳಗೆ ಹೊರಳಾಡಿ ಸತ್ತರು. ವಿಷ ಹಾಕಿದವರಿಲ್ಲ. ಕೊಂದವರು ಯಾರು?”

ಇದಕ್ಕೆ ಯಾರು ತಾನೇ ಉತ್ತರ ಹೇಳಿಯಾರು! ಅಷ್ಟರಲ್ಲಿ ಅಡುಗೆಯವನು ತಾಮ್ರದ ತಪ್ಪಲೆ ತಂದು ಪದುಮಲೆಗೆ ಹುಣಸೆ ಹುಳಿ ಬಡಿಸಿದ. ತಪ್ಪಲೆಯ ಒಳಗೆಲ್ಲ ಕೆಂಪು, ಕಂಠದ ಸುತ್ತ ಹಸಿರು. ಅವಳು ತುತ್ತು ಎತ್ತಿದಳು.

“ಅಯ್ಯೋ, ಉಣ್ಣಬೇಡಿ ತಾಯಿ!” ದಾವಲ ಹಾರಿ ಬಂದು ಎಲೆಯನ್ನೇ ಎಳೆದು ಬಿಸಾಡಿದ. ಕತ್ತಿಗಳು ಅವನ ಕುತ್ತಿಗೆಗೆ ಬಂದವು.

“ಇದೇ ಉತ್ತರ ಒಡೆಯಾ! ಈ ತಪ್ಪಲೆ! ಒಳಗಿನ ತವರದ ಕಲಾಯಿ ಪೂರಾ ಹೋಗಿ ತಾಮ್ರಕ್ಕೆ ಕಿಲುಬು ಹಿಡಿದಿದೆ. ಹುಳಿ ಬಿದ್ದರೆ ಇದೇ ವಿಷ. ಯಾಕೆ ಕಲಾಯಿ ಹಾಕಿಸಲಿಲ್ಲ?”

ಅಡುಗೆಯವನು ತಡವರಿಸಿದ: “ಎಡೆಯ ದಿನ ಮಾತ್ರ ಒಲೆಗೇರುವ ತಪ್ಪಲೆ, ಆ ಸಲ ಅಮ್ಮಣ್ಣಿ ಹುಳಿ ಉಣ್ಣಲಿಲ್ಲ. ರಾಣಿಯಮ್ಮ ಮುಟ್ಟಿದ್ದು, ಯಾರೂ ಉಜ್ಜಕೂಡದು, ಕಲಾಯಿ ಹಾಕಕೂಡದು ಅಂತ ಪ್ರಭುಗಳದ್ದೇ ಅಪ್ಪಣೆ...”

ಅರಸ ನೆಲಕ್ಕೆ ಕುಸಿದ. “ಲೋಕವೇ ವಿಷ ಅಂದುಕೊಂಡಿದ್ದೆನಲ್ಲೋ! ನಾನೇ ಕೊಂದೆನೇ?”

ಪದುಮಲೆ ಅಪ್ಪನನ್ನು ತಬ್ಬಿಕೊಂಡಳು. ಎಳೆದೊಯ್ದ ಇಬ್ಬರನ್ನೂ ಆ ಗಳಿಗೆಯಲ್ಲೇ ಬಿಡಿಸಿದರು.

“ಏನು ಬೇಕು ಕೇಳಪ್ಪ,” ಎಂದ ಅರಸ ಮೇಲೆದ್ದು.

“ತಂಗಿಯ ಮದುವೆ. ಮತ್ತೆ ಆ ತಪ್ಪಲೆ ನನ್ನ ಕೈಗೆ ಕೊಡಿ.”

ಅರಮನೆಯ ಅಂಗಳದಲ್ಲಿ ದಾವಲ ಬೆಂಕಿ ಹೊತ್ತಿಸಿದ. ತಪ್ಪಲೆ ಕಾಯಿಸಿ ತವರ ಸವರಿದ. ಒಳಗೆಲ್ಲ ಬೆಳ್ಳಗೆ ಹೊಳೆಯಿತು.

“ಇದು ಮತ್ತೆ ಸವೆಯುವುದಿಲ್ಲವೇನು?” ಎಂದ ಅರಸ.

“ಸವೆಯದೆ ಇರುತ್ತಾ ಒಡೆಯಾ? ಬೀಜವೆಲ್ಲ ಏಳುವುದಿಲ್ಲ, ರಂಗೋಲಿ ಉಳಿಯುವುದಿಲ್ಲ. ಸವೆದಾಗ ಹೇಳಿ ಕಳಿಸಿ, ಬರ್ತೀನಿ.”

ಎಂಟನೆಯ ದಿನ ದಾವಲನ ಮನೆಯ ಮುಂದೆ ಮತ್ತೆ ಚಪ್ಪರ ಎದ್ದಿತು. ಅರಸ ಪಂಕ್ತಿಯಲ್ಲಿ ಕೂತ. ಅರಮನೆಯಿಂದ ತರಿಸಿದ ಅದೇ ತಪ್ಪಲೆಯಲ್ಲಿ ಹುಳಿ ಬಂತು. ಅವನು ಒಳಕ್ಕೆ ಬಗ್ಗಿ ನೋಡಿದ, ಕಣ್ಣೊರೆಸಿಕೊಂಡ, ಆಮೇಲೆ “ಬಡಿಸಪ್ಪ” ಎಂದ.